ತಂತಿ ಒಂದೇ, ಮಾತು ಬೇರೆ

"ಸರ್, ನಮ್ದು ಓಪನ್ ಸ್ಟ್ಯಾಂಡರ್ಡ್." ಹೀಗೆ ಹೇಳದ ಆಟೊಮೇಶನ್ ಸೇಲ್ಸ್‌ಮನ್ನನ್ನು ನಾನಿನ್ನೂ ನೋಡಿಲ್ಲ. ಪ್ರೊಫಿನೆಟ್, ಈಥರ್‌ನೆಟ್/ಐಪಿ, ಈಥರ್‌ಕ್ಯಾಟ್ ಮೂರೂ ಓಪನ್ನೇ. ಮೂರಕ್ಕೂ ಅದೇ ಈಥರ್‌ನೆಟ್ ಕೇಬಲ್ಲು. ಆದರೆ ಒಂದರ ಮಾತು ಇನ್ನೊಂದಕ್ಕೆ ತಿಳಿಯಲ್ಲ. ಪೀಣ್ಯದಲ್ಲಿ ಎರಡು ಮಷೀನುಗಳ ಮಧ್ಯೆ ದುಭಾಷಿ ಕೂರಿಸೋಕೆ, ಅಂದರೆ ಗೇಟ್‌ವೇ ಹಾಕೋಕೆ, ನಾನು ಮೂರು ದಿನ ಒದ್ದಾಡಿದೀನಿ.

ಕಂಪನಿಗಳನ್ನಷ್ಟೇ ಬೈದರೆ ಸಾಲದು. ಫೀಲ್ಡ್‌ಬಸ್ ಜಗಳ ವರ್ಷಗಟ್ಟಲೆ ನಡೆದು ಕೊನೆಗೆ ಐಇಸಿ 61158 ಒಪ್ಪಿಗೆಯಾದಾಗ, ಆ ಒಂದೇ ಮಾನಕದೊಳಗೆ ಎಂಟು ಬೇರೆ ಬೇರೆ ಪ್ರೋಟೋಕಾಲ್ ಇದ್ದವು. ಪಂಚಾಯ್ತಿ ಅಂದ್ರೆ ತೀರ್ಪು ಕೊಡಬೇಕು. ಇವರು ಜಗಳಕ್ಕೆ ಬಂದವರಿಗೆಲ್ಲ ಪ್ರೈಜ್ ಹಂಚಿ ಕಳಿಸಿದರು. ಈಥರ್‌ನೆಟ್ ಬಂದ ಮೇಲೆ ಪಟ್ಟಿ ಇನ್ನೂ ಉದ್ದವಾಯ್ತು.

ಅತ್ತ 1979ರ ಮಾಡ್‌ಬಸ್ ನೋಡಿ. ಬರೀ ರಿಜಿಸ್ಟರ್ ನಂಬರುಗಳು, ಹುಟ್ಟಿನಿಂದ ಸೆಕ್ಯುರಿಟಿ ಸೊನ್ನೆ. ಆದರೂ ಈಥರ್‌ನೆಟ್ ಮೇಲೂ ಇವತ್ತಿಗೂ ಓಡ್ತಿದೆ. ಯಾಕೆ? ಸ್ಪೆಸಿಫಿಕೇಶನ್ ಪುಕ್ಕಟೆ, ಯಾರು ಬೇಕಾದರೂ ಓದಿ ಕೋಡ್ ಬರೆಯಬಹುದು.

ಹಾಗಾಗಿ ಮುಂದಿನ ಪರ್ಚೇಸ್ ಆರ್ಡರಿನಲ್ಲಿ "ಓಪನ್" ಅಂತ ಬರೆದು ಸುಮ್ಮನಾಗಬೇಡಿ. "ಪಕ್ಕದ ಕಂಪನಿಯ ಮಷೀನ್ ಜೊತೆ ಮಾತಾಡಿಸಿ ತೋರಿಸಿ, ಆಮೇಲೆ ದುಡ್ಡು" ಅಂತ ಬರೆಯಿರಿ. ಬಾಗಿಲು ತೆರೆದಿದೆಯೋ ಇಲ್ಲವೋ ಆಗ ಗೊತ್ತಾಗುತ್ತೆ.