ಗಿಡ ನೆಡ್ರಿ, ಆದ್ರ ಕುಡಗೋಲು ಯಾರ ಕೈಗೆ?

ಗಣಿ ವಿಷ ಹೀರೋ ಗಿಡಗಳ ಬಗ್ಗೆ ಈಗ ಭಾಳ ಮಾತು ನಡದಾವ. ಲಾವಂಚ ಬೇರಿನಾಗ ಭಾರಲೋಹ ಹಿಡಿದಿಟ್ಟು ಧೂಳು ತಡೀತದ. ಸಾಸಿವೆ ಜಾತಿಯ ಗಿಡ ಸೀಸ, ಕ್ಯಾಡ್ಮಿಯಂ ಎಲೆಗೆ ಎಳ್ಕೋತದ. ಇದು ಖರೇನೇ ವಿಜ್ಞಾನ. ನನ್ನ ತಕರಾರು, ಗಿಡ ಮುಂದಿಟ್ಟು ಕೈ ತೊಳ್ಕೊಳ್ಳೋರ ಮ್ಯಾಲೆ.

ಕೋಲಾರದ ಕೆಜಿಎಫ್ ನೋಡ್ರಿ. ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ಕ್ಕ ಮುಚ್ಚಿತು. ಸುಮಾರು 120 ವರ್ಷ, ಮೂರು ಕಿಲೋಮೀಟರಿಗೂ ಆಳಕ್ಕ ಇಳಿದು ಬಂಗಾರ ತಗದವರಲ್ಲಿ ಬಹುಪಾಲು ತಮಿಳು ಮಾತಾಡೋ ದಲಿತರು. ಬಂಗಾರ ಹೋತು. ಅದಿರು ಪುಡಿಮಾಡಿ, ಸೈನೈಡ್ ಹಾಕಿ ಬಸಿದ ಮ್ಯಾಲೆ ಉಳಿದ ಸುಮಾರು 3.3 ಕೋಟಿ ಟನ್ ಹುಡಿಮಣ್ಣು 13 ದಿಬ್ಬಗಳಾಗಿ ಅವರ ಮಗ್ಗಲದಾಗೇ ಕುಂತದ. ಗಾಳಿ ಬೀಸಿದ್ರ ಆ ಧೂಳು ಅವರ ತಾಟಿಗೇ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಅದೇ ದಿಬ್ಬಗಳ ಗಣಿಗಾರಿಕೆಗೆ ಒಪ್ಪಿಗೆ ಕೊಟ್ಟಿತು. ಬಂಗಾರ ಅಂದ್ರ ಎಷ್ಟು ಅವಸರ ನೋಡ್ರಿ!

ಈಗ ಗಿಡದ ಲೆಕ್ಕಕ್ಕ ಬರೋಣ. ಲಾವಂಚದ ಬೇರು ಒಳ್ಳೆ ನೆಲದಾಗ ಮೂರು ಮೀಟರ್ ಇಳೀಬಹುದು. ದಿಬ್ಬ ಗುಡ್ಡದಷ್ಟು ಎತ್ತರ. ಮೇಲ್ಪದರ ಹಿಡಿದೀತು, ಗುಡ್ಡ ತೊಳೆಯಲಾರದು. ಲೋಹವನ್ನ ಗಿಡ ನಾಶ ಮಾಡಂಗಿಲ್ಲ, ಜಾಗ ಬದಲಸ್ತದ ಅಷ್ಟ. ಎಲೆಗೆ ಬಂದ ವಿಷ ದನಕ್ಕ ಹಾಕಂಗಿಲ್ಲ, ಒಲಿಗೆ ಹಾಕಂಗಿಲ್ಲ. ಕೊಯ್ದು, ವಿಷದ ಕಸ ಅಂತ ಬ್ಯಾರೆ ಸಾಗಿಸಬೇಕು, ವರ್ಷಗಟ್ಟಲೆ.

ಕೊಯ್ಯೋರು ಯಾರು? ಈ ದೇಶದಾಗ ಸ್ವಚ್ಛತೆ ಅಂದ್ರ ಟೆಂಡರ್ ಯಾರಿಗೋ, ಕಸಬರಿಗಿ ನಮ್ಮ ಕೇರಿಗೆ. ಮಲ ಹೊರೋ ಪದ್ಧತಿ ನಿಷೇಧಿಸಿ 2013ರಲ್ಲಿ ಕಾಯ್ದೆ ಬಂತು. ಆಮ್ಯಾಲೂ ಮ್ಯಾನ್‌ಹೋಲ್‌ನಾಗ ಸತ್ತವರು ಯಾರ ಮಕ್ಕಳು?

"ರಾಮದುರ್ಗದಾಗ ಕುಂತು ಕೆಜಿಎಫ್ ಉಸಾಬರಿ ನಿನಗ್ಯಾಕೋ?" ಅಂತೀರಿ. ನಾನು ಗುಮಾಸ್ತ. 'ಸಸಿ ನೆಡಲಾಗಿದೆ' ಅನ್ನೋ ಒಂದು ಸಾಲು, ಒಂದು ಫೋಟೋ ಇದ್ರ ಕಡತ ಹೆಂಗ ಮುಗೀತದ ಅಂತ ಗೊತ್ತದ. ಅದಕ್ಕ ಸಸಿ ನೆಡೋ ಮೊದಲೇ ಇಷ್ಟು ಬರಸ್ಕೋಬೇಕು:

1. ಖರ್ಚೆಲ್ಲ ಬಂಗಾರ ಉಂಡವರದು. ಕೆಜಿಎಫ್‌ನಾಗ ಅಂದ್ರ ಕೇಂದ್ರ ಸರ್ಕಾರದ್ದು.
2. ಮಣ್ಣು, ನೀರು, ಧೂಳಿನ ಪರೀಕ್ಷಾ ವರದಿ ಕನ್ನಡ, ತಮಿಳಿನಲ್ಲಿ ಪ್ರತಿ ವಾರ್ಡಿನ ಗೋಡೆಗೆ ಅಂಟಿಸಬೇಕು.
3. ಕೊಯ್ಲು ಯಂತ್ರದಿಂದ ಆಗಬೇಕು. ದುಡಿಯೋರಿಗೆ ಗುತ್ತಿಗೆ ಬ್ಯಾಡ. ಕಾಯಂ ಪಗಾರ, ಮಾಸ್ಕು, ವರ್ಷಾ ವರ್ಷಾ ಎದೆ ತಪಾಸಣೆ.
4. ಮೇಲ್ವಿಚಾರಣೆ, ಲ್ಯಾಬು, ಎಂಜಿನಿಯರ್ ಕುರ್ಚಿಯಲ್ಲೂ ಗಣಿ ಕಾರ್ಮಿಕರ ಮಕ್ಕಳು ಕೂಡಬೇಕು.

ಗಿಡಕ್ಕ ಜಾತಿ ಇಲ್ಲ, ಕರೆ. ಅದರ ಬುಡಕ್ಕ ಆಳು ಹಚ್ಚೋರು ಮಾತ್ರ ಜಾತಿ ನೋಡೇ ಹಚ್ಚತಾರ. ನಿಮ್ಮೂರಾಗ ಗಣಿ, ಕ್ವಾರಿ ಇದ್ರ ಮುಂದಿನ ಗ್ರಾಮಸಭೆಯಾಗ ಎದ್ದು ನಿಂತು ಕೇಳ್ರಿ.

ಜೈ ಭೀಮ್.