ನಾಲಾಕ್ಕೆ ಗೋಡೆ ಸಾಕು ಎನ್ನುವವರಿಗೆ

ಹುಬ್ಬಳ್ಳಿಯ ಉಣಕಲ್ ಕೆರೆಯಿಂದ ಹೊರಟು ವಿದ್ಯಾನಗರದ ಮಗ್ಗುಲಲ್ಲಿ ಹಾಯ್ದು, ಊರು ದಾಟಿ ಬಿಡನಾಳ, ಗಬ್ಬೂರಿನತ್ತ ಹರಿಯುವ ನಾಲಾ ಹಳ್ಳವಾಗಿಯೇ ಉಳಿಯಬೇಕು. ಕೆರೆಯ ಮೇಲಿನ ಇಳಿಜಾರಿನಿಂದ ಕೆಳಗಿನ ಹೊಲಗಳವರೆಗೆ ಎಲ್ಲವೂ ಒಂದೇ ನಕ್ಷೆಯಲ್ಲಿ ಸರಿಯಾಗಬೇಕು. ಇದು ನನ್ನ ವಾದ. ಇದನ್ನು ಒಪ್ಪದವರ ಆಕ್ಷೇಪಗಳಲ್ಲಿ ಕೆಲವು ನಿಜವಾದ ಭಯದಿಂದ ಹುಟ್ಟಿದವು. ಅವಕ್ಕೆ ಉತ್ತರ ಕೊಡಲೇಬೇಕು.

ಎರಡೂ ದಂಡೆಗೆ ಗೋಡೆ, ತಳಕ್ಕೆ ಕಾಂಕ್ರೀಟ್ ಹಾಕಿದರೆ ಮನೆಗೆ ನೀರು ನುಗ್ಗುವುದಿಲ್ಲ ಎನ್ನುತ್ತಾರೆ. 2019ರ ಆಗಸ್ಟ್‌ನಲ್ಲಿ ಕೆರೆ ಕೋಡಿ ಬಿದ್ದು ನಾಲಾ ಉಕ್ಕಿದ್ದನ್ನು ಕಂಡವರ ಮಾತು ಇದು. ಆದರೆ ನುಣುಪಾದ ತಳದ ಮೇಲೆ ನೀರು ಇನ್ನೂ ಜೋರಾಗಿ ಓಡುತ್ತದೆ. ಓಡಿದ ನೀರು ಕೆಳಗೆ ಮೊದಲು ಸಿಗುವ ಇಕ್ಕಟ್ಟಾದ ಸೇತುವೆಯ ಬಳಿ ಕಟ್ಟಿಕೊಂಡು ಅಲ್ಲಿನ ಓಣಿಗೆ ನುಗ್ಗುತ್ತದೆ. ನಾವು ಉಳಿದು ಕೆಳಗಿನವರು ಮುಳುಗುವುದನ್ನು ಪರಿಹಾರ ಎನ್ನಲಾಗದು. ನೀರನ್ನು ಮೇಲೆಯೇ, ಹೊಲಗಳೆಲ್ಲ ಲೇಔಟ್ ಆಗಿರುವ ಇಳಿಜಾರಿನಲ್ಲಿಯೇ ತಡೆಯಬೇಕು. ಬರೀ ಇಂಗುಗುಂಡಿ ತೋಡಿದರೆ ಸಾಕು ಎಂದು ನಮ್ಮ ಕಡೆಯವರೂ ಹೇಳುವುದುಂಟು; ಅದೂ ಸರಿಯಲ್ಲ. ಎರೆಮಣ್ಣು ನೆನೆದರೆ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ, ಆಮೇಲೆ ನೀರು ಇಂಗುವುದೇ ಕಡಿಮೆ. ಅಂಥ ನೆಲದಲ್ಲಿ ಸಣ್ಣ ಹೊಂಡಗಳು ಬೇಕು, ಮಳೆಯಲ್ಲಿ ಮುಳುಗಿ ಬೇಸಿಗೆಯಲ್ಲಿ ಆಟದ ಬಯಲಾಗುವ ತಗ್ಗುಗಳು ಬೇಕು. ಸಿಂಗಪುರದವರು ಕಲಾಂಗ್ ನದಿಯ 2.7 ಕಿ.ಮೀ. ಕಾಂಕ್ರೀಟ್ ಕಾಲುವೆಯನ್ನು ಒಡೆದು, 2012ರ ಹೊತ್ತಿಗೆ ಬಾಗಿ ಬಳುಕುವ ಹೊಳೆಯನ್ನೂ ಅದರ ಬದಿಗೆ ಇಂಥದೇ ಬಯಲನ್ನೂ ಮಾಡಿದರು. ಜಾಗಕ್ಕೆ ನಮಗಿಂತ ಹೆಚ್ಚು ಪರದಾಡುವ ಊರು ಅದು.

ಗಿಡಗಂಟಿ ಬೆಳೆದರೆ ಸೊಳ್ಳೆ ಬರುತ್ತವೆ ಎಂಬ ಮಾತನ್ನು ತಾಯಂದಿರು ಹೆಚ್ಚಾಗಿ ಹೇಳುತ್ತಾರೆ. ಸೊಳ್ಳೆ ಈಗಲೂ ಇವೆ. ಆನೆಕಾಲು ರೋಗ ಹರಡಬಲ್ಲ ಕ್ಯೂಲೆಕ್ಸ್ ಸೊಳ್ಳೆಗೆ ನಿಂತು ಕೊಳೆತ ಗಟಾರದ ನೀರೇ ಬೇಕು. ನೀರು ಹರಿಯುತ್ತಿದ್ದು, ಅದರಲ್ಲಿ ಮೀನು ಮತ್ತು ಏರೋಪ್ಲೇನ್ ಚಿಟ್ಟೆಯ ಮರಿಗಳು ಬದುಕಿದ್ದರೆ ಸೊಳ್ಳೆಮರಿ ಅವಕ್ಕೆ ಆಹಾರವಾಗುತ್ತವೆ.

ಮೊದಲು ಒಳಚರಂಡಿ ಸರಿಮಾಡಿ ಎನ್ನುವವರೊಂದಿಗೆ ನನಗೆ ಜಗಳವಿಲ್ಲ. ಇಡೀ ಊರಿನ ಹೊಲಸನ್ನು ಅರಗಿಸಿಕೊಳ್ಳುವ ಜೊಂಡು ಎಲ್ಲಿಯೂ ಬೆಳೆಯುವುದಿಲ್ಲ. ಉಣಕಲ್ ಕೆರೆಯಲ್ಲಿ ಎಷ್ಟು ತೆಗೆದರೂ ಮತ್ತೆ ಹಬ್ಬುವ ಅಂತರಗಂಗೆ ಬದುಕಿರುವುದೇ ಆ ಹೊಲಸಿನ ಮೇಲೆ. ಆದರೆ ‘ಮೊದಲು’ ಎಂದರೆ ‘ಅಷ್ಟೇ’ ಎಂದಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿ ಶುದ್ಧೀಕರಣ ಘಟಕದ ನೀರು ಜೊಂಡಿನ ತಗ್ಗಿನಲ್ಲಿ ಹಾದು ಕೆರೆ ಸೇರುತ್ತದೆ. ಇನ್ನೊಂದು ಸಂಗತಿ ನಮ್ಮ ಸಭೆಗಳಲ್ಲಿ ಬರುವುದೇ ಇಲ್ಲ: ಬಿಡನಾಳ, ಗಬ್ಬೂರಿನ ರೈತರು ಇದೇ ನೀರನ್ನು ಪಂಪಿನಿಂದ ಎತ್ತಿ ಬೆಳೆ ತೆಗೆಯುತ್ತ ಬಂದಿದ್ದಾರೆ. ನೀರು ಬೇರೆಡೆ ತಿರುಗಿದರೆ ಅವರ ಬೆಳೆ ಹೋಗುತ್ತದೆ, ಹೊಲಸಾಗಿಯೇ ಹರಿದರೆ ಆರೋಗ್ಯ ಹೋಗುತ್ತದೆ. ಅವರನ್ನು ಕೂರಿಸಿಕೊಳ್ಳದೆ ಬರೆದ ನಕ್ಷೆ ಅರ್ಧ ನಕ್ಷೆ.

ನಮ್ಮೂರಿನ ತೋಳನಕೆರೆ ಚೆಂದವಾಗಿದೆಯಲ್ಲ, ಇನ್ನೇನು ಬೇಕು ಎನ್ನುತ್ತಾರೆ ಕೆಲವರು. ಅಡ್ಡಾಡಲು ಚೆಂದವಾಗಿದೆ, ಅದು ಬೇಕೇ ಬೇಕು. ಹಕ್ಕಿಗಳಿಗೆ ಮಾತ್ರ ಇಳಿಜಾರಿನ ಕೆಸರುದಂಡೆ ಬೇಕು, ಕೆರೆಯಾಚೆಗೆ ಮೇವು ಬೇಕು. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ, ಕೆರೆಯಲ್ಲಿ ವಿಶ್ರಮಿಸುತ್ತವೆ. ಹೊಲವಿಲ್ಲದಿದ್ದರೆ ಆ ಕೆರೆ ಅವಕ್ಕೆ ಸಾಲುತ್ತಿರಲಿಲ್ಲ.

ಗೋಡೆ ಬೇಕೆನ್ನುವವರಿಗೆ ತದ್ವಿರುದ್ಧ ನಿಲುವಿನ ಗೆಳೆಯರೂ ಇದ್ದಾರೆ: ಹಳ್ಳವನ್ನು ಅದರ ಪಾಡಿಗೆ ಬಿಡಿ, ಯೋಜನೆಯೇ ಬೇಡ ಎನ್ನುತ್ತಾರೆ. ಅದರ ಪಾಡು ಈಗ ಮೊದಲಿನದಲ್ಲ. ಮೇಲೆಲ್ಲ ತಾರಸಿ, ಡಾಂಬರು. ಕೆಳಗೆ ಬರುವ ನೀರಿನ ಲೆಕ್ಕವೇ ಬದಲಾಗಿದೆ. ಸುಮ್ಮನೆ ಬಿಟ್ಟ ದಂಡೆಯನ್ನು ಕಾಂಗ್ರೆಸ್ ಕಸವೂ ಬಳ್ಳಾರಿ ಜಾಲಿಯೂ ಆಕ್ರಮಿಸುತ್ತವೆ. ಲಕ್ಕಿ, ಹೊಂಗೆ, ಹೊಳೆಮತ್ತಿ, ಲಾವಂಚ ಅಲ್ಲಿ ಬೇರೂರಬೇಕಾದರೆ ನಾವೇ ನೆಡಬೇಕು, ವರ್ಷಗಟ್ಟಲೆ ಕಾಯಬೇಕು.

ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆಯ ನೆರವಿನಲ್ಲಿ ಸ್ಮಾರ್ಟ್ ಸಿಟಿಯವರು ಕೈಗೊಂಡ ಹಸಿರು ಕಾರಿಡಾರ್ ಈ ನಾಲಾದ ದಂಡೆಗುಂಟ ಸೈಕಲ್ ದಾರಿ ತಂದಿತು. ಅದಷ್ಟೇ ಸಾಲದು. ಇನ್ನು ಮುಂದೆ ಪಾಲಿಕೆ ನಾಲಾಕ್ಕೆ ಮಾಡುವ ಯಾವುದೇ ಎಸ್ಟಿಮೇಟಿನಲ್ಲಿ ಗೋಡೆಯ ಎತ್ತರದ ಜೊತೆಗೆ ಮೂರು ಬಾಬು ಕಾಣಬೇಕು: ಮೇಲಿನ ಹೊಂಡಗಳಿಗೆ ಜಾಗ, ಗಿಡಗಳ ಪಾಲನೆಗೆ ಹಣ, ಬಿಡನಾಳದ ಹೊಲಗಳಿಗೆ ಶುದ್ಧೀಕರಿಸಿದ ನೀರು.