ಕಾಲುಗುರಿನ ಫಂಗಸ್‌ಗೆ ಮೂರು ತಿಂಗಳ ಮಾತ್ರೆ ಬೇಕೇ?

ಪರ: ಬೇಕು. ಮೇಲೆ ಹಚ್ಚುವ ಔಷಧಿ ಬೇರಿಗೆ ಇಳಿಯುವುದಿಲ್ಲ

ಹೆಬ್ಬೆರಳಿನ ಉಗುರು ಹಳದಿಗೆ ತಿರುಗಿ, ದಪ್ಪಗಾಗಿ, ಅಡಿಯಿಂದ ಪುಡಿ ಉದುರತೊಡಗಿದರೆ ನಮ್ಮಲ್ಲಿ ಮೊದಲು ನಡೆಯುವುದು ಅದನ್ನು ಮುಚ್ಚಿಡುವ ಕೆಲಸ. ಹೆಂಗಸರು ನೇಲ್ ಪಾಲಿಶ್ ಬಳಿಯುತ್ತಾರೆ. ಗಂಡಸರು ದೇವಸ್ಥಾನದ ಬಾಗಿಲಲ್ಲಿ ಸಾಕ್ಸ್ ಬಿಚ್ಚಲು ಹಿಂಜರಿಯುತ್ತಾರೆ. ಆಮೇಲೆ ಮೆಡಿಕಲ್ ಶಾಪಿನಿಂದ ಒಂದು ಮುಲಾಮು ಬರುತ್ತದೆ. ಮುಲಾಮು ಕೂರುವುದು ಉಗುರಿನ ಮೇಲೆ, ಫಂಗಸ್ ಬೀಡುಬಿಟ್ಟಿರುವುದು ಉಗುರಿನ ಅಡಿಯಲ್ಲಿ. ವರ್ಷಗಟ್ಟಲೆ ಹಚ್ಚಿದರೂ ಇವೆರಡೂ ಸಂಧಿಸುವುದಿಲ್ಲ.

ಟರ್ಬಿನಾಫಿನ್ ಮಾತ್ರೆ ರಕ್ತದ ಮೂಲಕವೇ ಅಲ್ಲಿಗೆ ತಲುಪುತ್ತದೆ. ಶಿಲೀಂಧ್ರಕ್ಕೆ ತನ್ನ ಕೋಶದ ಪೊರೆ ಕಟ್ಟಿಕೊಳ್ಳಲು ಎರ್ಗೋಸ್ಟೆರಾಲ್ ಬೇಕು. ಅದರ ತಯಾರಿಯನ್ನು ಈ ಔಷಧಿ ಆರಂಭದಲ್ಲೇ ತಡೆದು ಶಿಲೀಂಧ್ರವನ್ನು ಕೊಲ್ಲುತ್ತದೆ. ದಿನಕ್ಕೆ 250 ಮಿಲಿಗ್ರಾಂ, ಕೈಯುಗುರಿಗೆ 6 ವಾರ, ಕಾಲುಗುರಿಗೆ 12 ವಾರ. 1999ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನವೊಂದು 12 ವಾರ ಟರ್ಬಿನಾಫಿನ್ ನುಂಗಿದವರನ್ನೂ, ತಿಂಗಳಿಗೊಂದು ವಾರದಂತೆ ಮೂರು ತಿಂಗಳು ಇಟ್ರಾಕೊನಜೋಲ್ ತೆಗೆದುಕೊಂಡವರನ್ನೂ ಹೋಲಿಸಿ ನೋಡಿತು. 72ನೇ ವಾರದ ಪರೀಕ್ಷೆಯಲ್ಲಿ ಮೊದಲ ಗುಂಪಿನ ಸುಮಾರು ಶೇ. 76 ಮಂದಿಯಲ್ಲಿ ಫಂಗಸ್ ಇರಲಿಲ್ಲ. ಎರಡನೇ ಗುಂಪಿನಲ್ಲಿ ಈ ಪ್ರಮಾಣ ಶೇ. 38. ಇನ್ನು ಉಗುರಿಗೆ ಬಳಿಯುವ ಔಷಧಿಗಳತ್ತ ನೋಡಿ. ಸೈಕ್ಲೋಪಿರಾಕ್ಸ್ ಅನ್ನು 48 ವಾರ ದಿನವೂ ಹಚ್ಚಿದ ಅಮೆರಿಕದ ಪ್ರಯೋಗಗಳಲ್ಲಿ ಪೂರ್ತಿ ಗುಣವಾದವರು ನೂರಕ್ಕೆ ಒಂಬತ್ತು ಮಂದಿಯೂ ಇಲ್ಲ. 2014ರಲ್ಲಿ ಅಲ್ಲಿ ಒಪ್ಪಿಗೆ ಪಡೆದ ಎಫಿನಾಕೊನಜೋಲ್ ಇದಕ್ಕಿಂತ ಮೇಲು, ಆದರೂ ಹದಿನೈದರಿಂದ ಹದಿನೆಂಟರ ಆಸುಪಾಸು.

ಹಾಗಿದ್ದೂ ಮಾತ್ರೆಯೆಂದರೆ ಜನ ಬೆಚ್ಚುತ್ತಾರೆ, ‘ಲಿವರ್ ಹೋಗುತ್ತದಂತೆ’ ಎನ್ನುತ್ತಾರೆ. ಈ ಅಂಜಿಕೆಯನ್ನು ಬೆಳೆಸಿದ್ದರಲ್ಲಿ ಕೀಟೊಕೊನಜೋಲ್ ಮಾತ್ರೆಯ ಪಾಲು ದೊಡ್ಡದು. ಅದನ್ನು ಉಗುರಿನ ಸೋಂಕಿಗೆ ಬಳಸಲೇಬಾರದೆಂದು ಅಮೆರಿಕದ ಔಷಧ ನಿಯಂತ್ರಕರು 2013ರಲ್ಲಿ ಹೇಳಿದ್ದು ಸರಿಯಾಗಿಯೇ ಇದೆ. ಟರ್ಬಿನಾಫಿನ್‌ನಿಂದ ಲಿವರ್‌ಗೆ ದೊಡ್ಡ ಪೆಟ್ಟು ಬೀಳುವುದು ಅಪರೂಪ. ಶುರುಮಾಡುವ ಮುಂಚೆ ರಕ್ತಪರೀಕ್ಷೆ ಮಾಡಿಸಿ, ಲಿವರ್ ಕಾಯಿಲೆ ಇದ್ದವರನ್ನು ಬಿಟ್ಟುಬಿಡಿ. ಉಳಿದವರಿಗೆ ಈ ಭಯ ಹುಟ್ಟಿಸುವುದು ಅನ್ಯಾಯ.

ಸಕ್ಕರೆ ಕಾಯಿಲೆಯವರ ವಿಷಯದಲ್ಲಂತೂ ನನಗೆ ಕಿಂಚಿತ್ತೂ ಅನುಮಾನವಿಲ್ಲ. ಪಾದ ಜೋಮು ಹಿಡಿದವರಿಗೆ ದಪ್ಪ ಉಗುರು ಪಕ್ಕದ ಬೆರಳನ್ನು ಕೊರೆದರೂ ಗೊತ್ತಾಗುವುದಿಲ್ಲ. ಗಾಯ ಕಣ್ಣಿಗೆ ಬೀಳುವುದು ಕೀವಾದ ಮೇಲೆ. ಅಂಥವರಿಗೆ ‘ಅಂದದ ಸಮಸ್ಯೆ, ಬಿಡಿ’ ಎಂದು ಹೇಳಿ ಕಳಿಸುವುದು ತಪ್ಪು.

ಇನ್ನೊಂದು ಮಾತು. ಕಾಲುಗುರು ತಿಂಗಳಿಗೆ ಒಂದು, ಒಂದೂವರೆ ಮಿಲಿಮೀಟರಿನಷ್ಟೇ ಬೆಳೆಯುತ್ತದೆ. ಪೂರ್ತಿ ಹೊಸದಾಗಲು ಒಂದರಿಂದ ಒಂದೂವರೆ ವರ್ಷ ಬೇಕು. ಮಾತ್ರೆ ಮುಗಿದ ದಿನವೂ ಉಗುರು ಕೆಟ್ಟದಾಗಿಯೇ ಕಾಣುತ್ತದೆ. ಬುಡದಿಂದ ಸ್ವಚ್ಛ ಉಗುರು ಏಳುತ್ತಿದೆಯೇ ಎಂದು ನೋಡಬೇಕೇ ಹೊರತು, ‘ಕೆಲಸ ಮಾಡಲಿಲ್ಲ’ ಎಂದು ಡಾಕ್ಟರನ್ನು ಬದಲಿಸಬಾರದು.

ವಿರೋಧ: ಮೊದಲು ಫಂಗಸ್ ಹೌದೋ ಅಲ್ಲವೋ ನೋಡಿ

ಕೆಟ್ಟು ಕಾಣುವ ಉಗುರುಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಫಂಗಸ್‌ನಿಂದ ಕೆಟ್ಟವು. ಉಳಿದವು ಸೋರಿಯಾಸಿಸ್, ಬಿಗಿ ಶೂಗಳ ಒತ್ತಡ, ಹಳೆಯ ಏಟು ಇಂಥವುಗಳ ಫಲ. ಇವು ಯಾವುದಕ್ಕೂ ಟರ್ಬಿನಾಫಿನ್ ಮದ್ದಲ್ಲ. ಪರೀಕ್ಷೆ ದೊಡ್ಡದೇನಲ್ಲ: ಉಗುರು ಕತ್ತರಿಸಿ, ಅಡಿಯ ಪುಡಿಯನ್ನು ಬ್ಲೇಡಿನಿಂದ ಕೆರೆದು ಗಾಜಿನ ಪಟ್ಟಿಯ ಮೇಲಿಟ್ಟು, ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಕಾಯುತ್ತಾರೆ. ಪುಡಿ ಕರಗಿ ತಿಳಿಯಾದ ಮೇಲೆ ಮೈಕ್ರೋಸ್ಕೋಪಿನಲ್ಲಿ ಕವಲೊಡೆದ ಎಳೆಗಳು ಕಂಡರೆ ಫಂಗಸ್. ಇಷ್ಟನ್ನೂ ಮಾಡದೆ, ದೂರದಿಂದ ಬೆರಳು ನೋಡಿ ಮೂರು ತಿಂಗಳ ಮಾತ್ರೆ ಬರೆಯುವ ಪದ್ಧತಿಯನ್ನೇ ನಾನು ವಿರೋಧಿಸುವುದು.

ಶೇ. 76 ಎಂಬ ಅಂಕಿಯನ್ನೂ ಬಿಡಿಸಿ ನೋಡಬೇಕು. ಅದು ಲ್ಯಾಬಿನಲ್ಲಿ ಫಂಗಸ್ ಸಿಗಲಿಲ್ಲ ಎಂಬ ಲೆಕ್ಕ. ಫಂಗಸ್ ಹೋಗಿ, ಉಗುರೂ ಪೂರ್ತಿ ಸ್ವಚ್ಛವಾಗುವುದನ್ನು ಗುಣ ಎಂದು ಕರೆದರೆ, ಅಮೆರಿಕದಲ್ಲಿ ಟರ್ಬಿನಾಫಿನ್ ಜೊತೆ ಕೊಡುವ ಮಾಹಿತಿಪತ್ರದಲ್ಲೇ ಇರುವ ಪ್ರಮಾಣ ಶೇ. 38. ರೋಗಿ ಬಯಸಿ ಬಂದಿರುವುದು ಆ ಎರಡನೆಯ ಗುಣವನ್ನು. ಅವರಿಗೆ ಇದನ್ನು ಮೊದಲೇ ಹೇಳಬೇಕು. ಗುಣವಾದ ಮೇಲೂ ಮರಳಿ ಬರುವುದು ಸಾಮಾನ್ಯ, ಏಕೆಂದರೆ ಬೆರಳ ಸಂದಿಯ ಕೆಸರುಹುಣ್ಣು ಹಾಗೇ ಉಳಿದಿರುತ್ತದೆ, ಒದ್ದೆ ಶೂ ಬದಲಾಗಿರುವುದಿಲ್ಲ.

ಟರ್ಬಿನಾಫಿನ್‌ನಿಂದ ಕೆಲವರ ನಾಲಿಗೆಯ ರುಚಿ ಕೆಡುತ್ತದೆ, ವಿರಳವಾಗಿ ಅದು ಮರಳುವುದೇ ಇಲ್ಲ. ಇಟ್ರಾಕೊನಜೋಲ್ ಹೃದಯ ದುರ್ಬಲವಾದವರಿಗೆ ಅಪಾಯಕಾರಿ. ಸಿಮ್ವಾಸ್ಟಾಟಿನ್‌ನಂಥ ಕೊಲೆಸ್ಟರಾಲ್ ಮಾತ್ರೆಯ ಜೊತೆಗೆ ಕೊಡಲೇಬಾರದು. ಗ್ಯಾಸ್ ಮಾತ್ರೆ ನುಂಗುವವರಲ್ಲಿ ಅದರ ಕ್ಯಾಪ್ಸೂಲ್ ಸರಿಯಾಗಿ ಮೈಗೆ ಹತ್ತುವುದೂ ಇಲ್ಲ. ದಿನವಿಡೀ ಪಾತ್ರೆ ತೊಳೆಯುವವರ ಕೈಯುಗುರಿನಲ್ಲಿ ಕ್ಯಾಂಡಿಡಾ ಇದ್ದರೆ ಟರ್ಬಿನಾಫಿನ್ ಅಷ್ಟಾಗಿ ನಾಟುವುದಿಲ್ಲ. ಅಲ್ಲಿ ಕೈ ಒಣಗಿಸಿಕೊಳ್ಳುವುದೇ ಅರ್ಧ ಚಿಕಿತ್ಸೆ.

ನನ್ನನ್ನು ಹೆಚ್ಚು ಕಾಡುವುದು ನಮ್ಮ ದೇಶದ್ದೇ ಆದ ಒಂದು ಸಂಕಟ. ಸ್ಟೆರಾಯ್ಡ್ ಬೆರೆಸಿದ ಕ್ರೀಮುಗಳನ್ನು ಚೀಟಿಯಿಲ್ಲದೆ ಕೊಂಡು ಬಳಿದದ್ದರಿಂದ ಹುಳುಕಡ್ಡಿ ಭಾರತದುದ್ದಕ್ಕೂ ಹಟಮಾರಿ ರೋಗವಾಗಿದೆ. ಅದರ ಹಿಂದಿರುವ ಟ್ರೈಕೊಫೈಟನ್ ಇಂಡೊಟಿನಿಯೆ ಎಂಬ ಶಿಲೀಂಧ್ರದ ಅನೇಕ ತಳಿಗಳು ಟರ್ಬಿನಾಫಿನ್‌ಗೆ ಬಗ್ಗುತ್ತಿಲ್ಲ. ಉಗುರಿನಲ್ಲಿ ಹೆಚ್ಚಾಗಿ ಇರುವುದು ಬೇರೆ ಜಾತಿ, ಟ್ರೈಕೊಫೈಟನ್ ರೂಬ್ರಮ್, ನಿಜ. ಆದರೆ ಇದೇ ಮಾತ್ರೆಯನ್ನು ಬೇಕಾಬಿಟ್ಟಿ ನುಂಗಿ, ಅರ್ಧಕ್ಕೆ ಬಿಟ್ಟು, ಮತ್ತೆ ನುಂಗುತ್ತ ಹೋದರೆ ಅದೂ ಇದೇ ಹಾದಿ ಹಿಡಿಯುತ್ತದೆಂಬ ಭಯ ನನಗಿದೆ.

ಒಂದೆರಡು ಉಗುರಿನ ತುದಿಯಷ್ಟೇ ಕೆಟ್ಟು ಬುಡ ಚೆನ್ನಾಗಿದ್ದರೆ, ಉಗುರನ್ನು ಅರದಿಂದ ತೆಳ್ಳಗೆ ಉಜ್ಜಿ ವಾರಕ್ಕೊಮ್ಮೆ ಅಮೊರಾಲ್ಫಿನ್ ಹಚ್ಚಿ ನೋಡಬಹುದು. ಹೃದಯಕ್ಕೆ, ಬಿಪಿಗೆ, ಕೊಲೆಸ್ಟರಾಲ್‌ಗೆ ಎಂದು ಈಗಾಗಲೇ ಹಿಡಿತುಂಬ ಮಾತ್ರೆ ನುಂಗುತ್ತಿರುವ, ನೋವಿಲ್ಲದ, ಸಕ್ಕರೆ ಕಾಯಿಲೆಯೂ ಇಲ್ಲದ ಅಜ್ಜನಿಗೆ ತಿಂಗಳಿಗೊಮ್ಮೆ ಬಿಸಿನೀರಿನಲ್ಲಿ ಕಾಲು ನೆನೆಸಿ ಉಗುರು ಕತ್ತರಿಸಿಕೊಟ್ಟರೆ ಸಾಕು.